ಗ್ರಂಥಾಲಯದ ಕಂಪ್ಯೂಟರ್ ಮತ್ತು ಟ್ಯಾಬ್ಲೆಟ್‌ನಲ್ಲಿ ಬ್ರೌಸಿಂಗ್ ಹಿಸ್ಟರಿ ನೋಡುವುದು: ಎಷ್ಟು ಹಿಂದಕ್ಕೆ ಹೋಗಬಹುದು, ಎಷ್ಟನ್ನು ನಂಬಬಹುದು?

ಓದುಮನೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯಿತಿಯೊಂದರ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯಾಗಿದ್ದೇನೆ. ಓದುಗರ ಬಳಕೆಗೆಂದು ನಮ್ಮಲ್ಲಿ ವಿಂಡೋಸ್ ಹಾಕಿರುವ ನಾಲ್ಕು ಕಂಪ್ಯೂಟರ್‌ಗಳೂ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ಟೂ ಇವೆ. ಹೆಚ್ಚಾಗಿ ಬಳಕೆಯಾಗುವುದು ಕ್ರೋಮ್; ಒಂದರಲ್ಲಿ ಮಾತ್ರ ಫೈರ್‌ಫಾಕ್ಸ್ ಕೂಡ ಇದೆ. ಯಾರೇ ಬಂದರೂ ಒಂದೇ ವಿಂಡೋಸ್ ಖಾತೆಯಲ್ಲಿ ಕುಳಿತು ಕೆಲಸ ಮಾಡುತ್ತಾರೆ. ಬಂದವರ ಹೆಸರು ಮತ್ತು ಹೊತ್ತನ್ನು ಪುಸ್ತಕದಲ್ಲಿ ಬರೆಸಿಕೊಳ್ಳುತ್ತೇವೆಯೇ ಹೊರತು ಯಾರು ಯಾವ ಕಂಪ್ಯೂಟರ್‌ನಲ್ಲಿ ಕುಳಿತರು ಎಂಬುದನ್ನು ಬರೆಸುವ ಪದ್ಧತಿ ಇಲ್ಲ.

ಈಗ ಎರಡು ಸಂಗತಿಗಳು ಒಟ್ಟಿಗೇ ಎದುರಾಗಿವೆ. ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಕಳೆದ ತಿಂಗಳು ನಮ್ಮ ಮೂರನೆಯ ಕಂಪ್ಯೂಟರ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದಳು. ಸ್ವೀಕೃತಿ ಸಂಖ್ಯೆಯನ್ನು ಬರೆದುಕೊಂಡಿಲ್ಲ. ಯಾವ ಪುಟದಲ್ಲಿ ತುಂಬಿದ್ದು ಎಂಬುದೂ ಅವಳಿಗೆ ಸರಿಯಾಗಿ ನೆನಪಿಲ್ಲ. ಅದನ್ನು ಹುಡುಕಿಕೊಡಬೇಕಾಗಿದೆ.

ಎರಡನೆಯದು ಇಷ್ಟು ಸರಳವಲ್ಲ. ಮಧ್ಯಾಹ್ನದ ಹೊತ್ತಿನಲ್ಲಿ ಕೆಲವು ಹುಡುಗರು ನೋಡಬಾರದ ಜಾಲತಾಣಗಳನ್ನು ನೋಡುತ್ತಾರೆಂದು ಊರಿನವರೊಬ್ಬರು ದೂರಿದ್ದಾರೆ, ಒಬ್ಬ ಹುಡುಗನ ಹೆಸರನ್ನೂ ಬಾಯಿಮಾತಿನಲ್ಲಿ ಹೇಳಿದ್ದಾರೆ. ಎಲ್ಲ ಯಂತ್ರಗಳ ಹಿಸ್ಟರಿಯನ್ನು ಮುದ್ರಿಸಿ ಮುಂದಿನ ಸಭೆಯಲ್ಲಿ ಇಡಬೇಕು, ಆಗದಿದ್ದರೆ ವೈಫೈ ರೂಟರ್‌ನಿಂದಲಾದರೂ ತೆಗೆಸಬೇಕು ಎಂದು ಸಲಹಾ ಸಮಿತಿಯ ಸದಸ್ಯರೊಬ್ಬರು ಪಟ್ಟು ಹಿಡಿದಿದ್ದಾರೆ.

ನಾನು ಎರಡನೆಯ ಕಂಪ್ಯೂಟರ್‌ನ ಹಿಸ್ಟರಿ ತೆರೆದು ನೋಡಿದೆ. ದೂರಿಗೆ ಹೊಂದುವಂಥ ವಿಳಾಸಗಳು ಇರುವುದು ನಿಜ. ಆದರೆ ಎರಡು ವಿಷಯಗಳು ನನಗೆ ಅರ್ಥವಾಗಲಿಲ್ಲ. ಮಧ್ಯಾಹ್ನ 2 ಗಂಟೆ 47 ನಿಮಿಷ ಎಂಬ ಒಂದೇ ಹೊತ್ತಿನಲ್ಲಿ ಮೂರು ನಮೂದುಗಳಿವೆ: ಕ್ರಿಕೆಟ್ ಪಂದ್ಯವನ್ನು ಉಚಿತವಾಗಿ ತೋರಿಸುತ್ತೇವೆ ಎನ್ನುವ ಒಂದು ಪುಟ, ಬರೀ ಅಕ್ಷರ ಅಂಕಿಗಳ ಗೋಜಲಿನಂತಿರುವ ಇನ್ನೊಂದು ವಿಳಾಸ, ಅದರ ಮೇಲೆ ಅಶ್ಲೀಲ ತಾಣದ ಹೆಸರು. ಮತ್ತೊಂದು ವಿಷಯವೆಂದರೆ ಅದೇ ಪಟ್ಟಿಯಲ್ಲಿ ರಾತ್ರಿ 11 ಗಂಟೆ 20 ನಿಮಿಷದ ನಮೂದುಗಳೂ ಇವೆ. ಸಂಜೆ ಬೀಗ ಹಾಕಿದ ಮೇಲೆ ಕೀಲಿ ನನ್ನ ಬಳಿಯೇ ಇರುತ್ತದೆ.

ಹಿಸ್ಟರಿ ಎಷ್ಟು ದಿನ ಹಿಂದಕ್ಕೆ ಸಿಗುತ್ತದೆ, ಯಾರಾದರೂ ಅಳಿಸಿದ್ದರೆ ಅಥವಾ ಅಜ್ಞಾತ (ಇನ್‌ಕಾಗ್ನಿಟೊ) ಟ್ಯಾಬ್ ಬಳಸಿದ್ದರೆ ಗೊತ್ತಾಗುತ್ತದೆಯೇ, ಟ್ಯಾಬ್ಲೆಟ್‌ನಲ್ಲಿ ನೋಡುವುದು ಹೇಗೆ, ರೂಟರ್‌ನಿಂದ ಏನು ಸಿಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಇದನ್ನೆಲ್ಲ ಮುದ್ರಿಸಿ ಸಭೆಗೆ ಕೊಡುವುದು ಸರಿಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.


ಕೀಲಿಮಣೆ

ಮೇಡಂ, ಹುಡುಗಿಯ ಕೆಲಸವನ್ನು ಮೊದಲು ಮುಗಿಸೋಣ, ಏಕೆಂದರೆ ಅದಕ್ಕೆ ಗಡುವು ಇದೆ. ಕ್ರೋಮ್ ತನ್ನ ಹಿಸ್ಟರಿ ಪುಟದಲ್ಲಿ ತೋರಿಸುವುದು ಹಿಂದಿನ 90 ದಿನಗಳನ್ನು ಮಾತ್ರ. ಕಳೆದ ತಿಂಗಳ ಅರ್ಜಿಯಾದ್ದರಿಂದ ಯಾರೂ ಅಳಿಸಿರದಿದ್ದರೆ ಅದು ಇನ್ನೂ ಇರಬೇಕು. ಮೂರನೆಯ ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಪದ ಕೊಡುವಾಗ ಒಂದು ವಿಷಯ ಗಮನದಲ್ಲಿರಲಿ: ಅದು ಪುಟದ ಶೀರ್ಷಿಕೆಯಲ್ಲೂ ವಿಳಾಸದಲ್ಲೂ ಹುಡುಕುತ್ತದೆಯೇ ಹೊರತು ಪುಟದ ಒಳಗಿನ ಬರಹದಲ್ಲಿ ಹುಡುಕುವುದಿಲ್ಲ. ಸರ್ಕಾರಿ ತಾಣಗಳ ಶೀರ್ಷಿಕೆ ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಕನ್ನಡದಲ್ಲಿ ವಿದ್ಯಾರ್ಥಿವೇತನ ಎಂದು ಬೆರಳಚ್ಚಿಸಿ ಏನೂ ಸಿಗಲಿಲ್ಲವೆಂದು ಕೈಬಿಡಬೇಡಿ. ಸ್ಕಾಲರ್‌ಶಿಪ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಚಿಕ್ಕ ಹೆಸರಾದ ಎಸ್‌ಎಸ್‌ಪಿ ಎಂಬುದನ್ನೂ ಕೊಟ್ಟು ನೋಡಿ.

ಪುಟ ಸಿಕ್ಕಿದರೂ ತುಂಬಿದ ಅರ್ಜಿ ಹಾಗೆಯೇ ತೆರೆದುಕೊಳ್ಳುವುದಿಲ್ಲ. ಹಿಸ್ಟರಿಯಲ್ಲಿ ಉಳಿಯುವುದು ವಿಳಾಸ, ಶೀರ್ಷಿಕೆ ಮತ್ತು ಹೊತ್ತು. ಲಾಗಿನ್ ಅವಧಿ ಅಂದೇ ಮುಗಿದಿರುತ್ತದೆ, ಆದ್ದರಿಂದ ಆ ಹುಡುಗಿಯೇ ತನ್ನ ಗುರುತಿನ ಸಂಖ್ಯೆ ಮತ್ತು ಗುಪ್ತಪದ ಕೊಟ್ಟು ಮತ್ತೆ ಒಳಹೋಗಬೇಕು. ಆದರೆ ಕಂಟ್ರೋಲ್ ಮತ್ತು ಜೆ ಒತ್ತಿದರೆ ಡೌನ್‌ಲೋಡ್‌ಗಳ ಪಟ್ಟಿ ಬರುತ್ತದೆ. ಅರ್ಜಿ ಸಲ್ಲಿಸಿದ ಮೇಲೆ ಸ್ವೀಕೃತಿಪತ್ರದ ಪಿಡಿಎಫ್ ಇಳಿಸಿಕೊಳ್ಳುವಂತೆ ಇಂಥ ತಾಣಗಳು ಕೇಳುತ್ತವೆ. ಅವಳು ಒತ್ತಿ ಮರೆತಿರುವ ಸಾಧ್ಯತೆಯೇ ಹೆಚ್ಚು. ಆ ಪಟ್ಟಿಯಲ್ಲಿ ಆ ದಿನಾಂಕದ ಸಾಲನ್ನು ಮೊದಲು ನೋಡಿರಿ. ಅದು ಸಿಕ್ಕಿದರೆ ಹಿಸ್ಟರಿ ಜಾಲಾಡುವ ಅಗತ್ಯವೇ ಬೀಳುವುದಿಲ್ಲ.

ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಚ್ ಒತ್ತಿದರೆ ಲೈಬ್ರರಿ ಎಂಬ ಕಿಟಕಿ ತೆರೆಯುತ್ತದೆ. ಅದಕ್ಕೆ 90 ದಿನಗಳ ಕಟ್ಟುನಿಟ್ಟಿನ ಮಿತಿ ಇಲ್ಲ, ಸಂಗ್ರಹ ದೊಡ್ಡದಾದಂತೆ ಹಳೆಯದನ್ನು ತಾನೇ ಕಡಿಮೆ ಮಾಡುತ್ತಾ ಹೋಗುತ್ತದೆ. ಹಾಗಾಗಿ ಎಷ್ಟೋ ಹಳೆಯ ನಮೂದುಗಳು ಅಲ್ಲಿ ಸಿಗುವುದುಂಟು. ಎಡ್ಜ್ ಬ್ರೌಸರ್ ಅನ್ನೂ ಒಮ್ಮೆ ತೆರೆದು ನೋಡಿ. ನಾವು ಯಾರೂ ಬಳಸುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ, ಆದರೆ ವಿಂಡೋಸ್‌ನಲ್ಲಿ ಕೆಲವು ಕೊಂಡಿಗಳು ತಾವಾಗಿ ಅದರಲ್ಲೇ ತೆರೆದುಕೊಳ್ಳುತ್ತವೆ. ಒಂದು ಬ್ರೌಸರ್‌ನ ಹಿಸ್ಟರಿ ಇನ್ನೊಂದರಲ್ಲಿ ಕಾಣುವುದಿಲ್ಲ.

ಅಜ್ಞಾತ ಟ್ಯಾಬ್ ಬಳಸಿದ್ದರೆ ಆ ಕಿಟಕಿಗಳನ್ನು ಮುಚ್ಚಿದ ಮೇಲೆ ಹಿಸ್ಟರಿಯಲ್ಲಿ ಏನೂ ಉಳಿಯುವುದಿಲ್ಲ. ಕಂಪ್ಯೂಟರ್ ಅನ್ನು ಆಫ್ ಮಾಡದೆ ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಆಜ್ಞೆಯ ಮೂಲಕ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸಂಗ್ರಹವನ್ನು ನೋಡಬಹುದು, ಅದರಲ್ಲಿ ತಾಣಗಳ ಹೆಸರುಗಳು ಸ್ವಲ್ಪ ಹೊತ್ತು ಉಳಿದಿರುತ್ತವೆ. ಆದರೆ ಅದರಲ್ಲಿ ಹೊತ್ತೂ ಇಲ್ಲ, ಪುಟವೂ ಇಲ್ಲ. ಒಂದು ಜಾಹೀರಾತಿನ ಚಿತ್ರ ಬಂದ ತಾಣದ ಹೆಸರೂ ಅದೇ ಪಟ್ಟಿಯಲ್ಲಿ ಸೇರಿರುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಯಾರನ್ನೂ ಕೇಳಲು ಹೋಗುವುದು ಸಲ್ಲದು.


ತುಂಗಾತೀರ

ರಾತ್ರಿ 11 ಗಂಟೆ 20 ನಿಮಿಷದ ನಮೂದುಗಳಿಗೆ ಉತ್ತರ ಬಹುತೇಕ ಸಿಂಕ್ ಎಂಬುದರಲ್ಲಿದೆ. ಕ್ರೋಮ್‌ನ ಬಲಮೂಲೆಯಲ್ಲಿರುವ ಪ್ರೊಫೈಲ್ ಚಿತ್ರದ ಮೇಲೆ ಒತ್ತಿ ನೋಡಿರಿ; ಅಲ್ಲಿ ಯಾವನೋ ಓದುಗನ ಗೂಗಲ್ ಖಾತೆ ಕುಳಿತಿದ್ದರೆ ಆಶ್ಚರ್ಯವಿಲ್ಲ. ಇಮೇಲ್ ನೋಡಲು ಬಂದವರು ಬ್ರೌಸರ್‌ಗೇ ಸೈನ್ ಇನ್ ಆಗಿ, ಸಿಂಕ್ ಮಾಡಲೇ ಎಂದು ಕೇಳಿದಾಗ ಹೌದು ಎಂದು ಒತ್ತಿ, ಹೊರಬರದೆ ಎದ್ದುಹೋಗಿರುತ್ತಾರೆ. ಹಾಗಾದಾಗ ಆ ವ್ಯಕ್ತಿ ಮನೆಯಲ್ಲಿ ತನ್ನ ಮೊಬೈಲ್‌ನಲ್ಲಿ ನೋಡಿದ ಪುಟಗಳು ಕೂಡ ನಿಮ್ಮ ಕಂಪ್ಯೂಟರ್‌ನ ಹಿಸ್ಟರಿಯಲ್ಲಿ ಬಂದು ಕುಳಿತುಕೊಳ್ಳುತ್ತವೆ. ಬೀಗ ಹಾಕಿದ ಕೋಣೆಯಲ್ಲಿ ಯಾರೂ ಏನೂ ನೋಡಿಲ್ಲ.

ಹಿಸ್ಟರಿ ಪುಟದ ಎಡಭಾಗದಲ್ಲಿ ಬೇರೆ ಸಾಧನಗಳ ಟ್ಯಾಬ್‌ಗಳು ಎಂಬ ಆಯ್ಕೆ ಇರುತ್ತದೆ. ಅದರಲ್ಲಿ ಯಾವುದಾದರೂ ಮೊಬೈಲ್‌ನ ಮಾದರಿಯ ಹೆಸರು ಕಾಣಿಸಿದರೆ ಅನುಮಾನ ಪರಿಹಾರವಾದಂತೆಯೇ. ಕಾಣಿಸಿದ ಕೂಡಲೇ ಅದನ್ನು ಬಿಡಿಸಿ ಓದಲು ಹೋಗಬೇಡಿರಿ. ಅದು ಗ್ರಂಥಾಲಯದ ದಾಖಲೆಯಲ್ಲ, ಒಬ್ಬರ ಮನೆಯೊಳಗಿನ ವಿಷಯ. ಅವರನ್ನು ಕರೆದು ಎದುರಿಗೇ ಸೈನ್ ಔಟ್ ಮಾಡಿಸಿ, ಕಂಪ್ಯೂಟರ್‌ನಿಂದ ಆ ಪ್ರೊಫೈಲನ್ನೂ ತೆಗೆಸಿರಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಸಿಂಕ್ ಚಾಲ್ತಿಯಲ್ಲಿರುವಾಗಲೇ ನೀವು ಹಿಸ್ಟರಿ ಅಳಿಸಿದರೆ ಅವರ ಮೊಬೈಲ್‌ನಲ್ಲೂ ಅದು ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಸೈನ್ ಔಟ್, ಆಮೇಲೆ ಉಳಿದದ್ದು.

ಟ್ಯಾಬ್ಲೆಟ್‌ನಲ್ಲಿ ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕೆಗಳನ್ನು ಒತ್ತಿ ಇತಿಹಾಸ ಎಂಬುದನ್ನು ಆರಿಸಿದರಾಯಿತು. ಸ್ಯಾಮ್‌ಸಂಗ್ ಸಾಧನವಾಗಿದ್ದರೆ ಅದರದೇ ಇಂಟರ್ನೆಟ್ ಎಂಬ ಬ್ರೌಸರ್ ಬೇರೆ ಇರುತ್ತದೆ, ಅದರ ಹಿಸ್ಟರಿಯೂ ಬೇರೆ. ಐಫೋನ್ ಅಥವಾ ಐಪ್ಯಾಡ್ ಬಳಸುವವರು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ: ಸಫಾರಿಯಲ್ಲಿ ತೆರೆದ ಪುಸ್ತಕದ ಚಿಹ್ನೆಯನ್ನು ಒತ್ತಿದರೆ ಗಡಿಯಾರದ ಗುರುತಿನಡಿ ಹಿಸ್ಟರಿ ಸಿಗುತ್ತದೆ. ಮೊಬೈಲ್‌ಗಳಲ್ಲಿ ಜನ ಮರೆಯುವ ಸಂಗತಿ ಇನ್ನೊಂದಿದೆ. ಫೇಸ್‌ಬುಕ್‌ನಂಥ ಆ್ಯಪ್‌ಗಳು ಕೊಂಡಿಯನ್ನು ತಮ್ಮೊಳಗಿನ ಕಿಟಕಿಯಲ್ಲೇ ತೆರೆದಾಗ ಅದು ಕ್ರೋಮ್‌ನ ಹಿಸ್ಟರಿಗೆ ಸೇರುವುದಿಲ್ಲ. ಯೂಟ್ಯೂಬ್ ಆ್ಯಪ್‌ನಲ್ಲಿ ನೋಡಿದ್ದಕ್ಕೂ ಕ್ರೋಮ್‌ಗೂ ಸಂಬಂಧವಿಲ್ಲ, ಅದರ ವೀಕ್ಷಣೆಯ ಪಟ್ಟಿ ಆ ಆ್ಯಪ್‌ನಲ್ಲೇ ಇರುತ್ತದೆ.

90 ದಿನಗಳಿಗಿಂತ ಹಿಂದಿನದು ಬೇಕೆಂದರೆ ಟ್ಯಾಬ್ಲೆಟ್‌ಗೆ ಗ್ರಂಥಾಲಯದ ಹೆಸರಿನಲ್ಲೇ ಗೂಗಲ್ ಖಾತೆ ಮಾಡಿದ್ದೀರಾ ಎಂಬುದರ ಮೇಲೆ ಉತ್ತರ ನಿಂತಿದೆ. ಹಾಗಿದ್ದರೆ ಆ ಖಾತೆಯ ನನ್ನ ಚಟುವಟಿಕೆ ಪುಟದಲ್ಲಿ ಹುಡುಕಾಟಗಳು ಸಿಗಬಹುದು, ಕ್ರೋಮ್ ಹಿಸ್ಟರಿಯನ್ನು ಸೇರಿಸಿಕೊಳ್ಳುವ ಆಯ್ಕೆ ಚಾಲ್ತಿಯಲ್ಲಿದ್ದರೆ ನೋಡಿದ ತಾಣಗಳೂ ಸಿಗಬಹುದು. 2020ರ ಜೂನ್ ನಂತರ ತೆರೆದ ಖಾತೆಗಳಲ್ಲಿ 18 ತಿಂಗಳು ದಾಟಿದ ಚಟುವಟಿಕೆ ತಾನಾಗಿ ಅಳಿಸಿಹೋಗುವಂತೆ ಮೊದಲೇ ಹೊಂದಿಸಿರುತ್ತಾರೆ. ಬೇಕಿದ್ದರೆ ಅದನ್ನು 3 ತಿಂಗಳಿಗೆ ಇಳಿಸಬಹುದು, 36 ತಿಂಗಳಿಗೆ ಏರಿಸಲೂಬಹುದು.

ರೂಟರ್ ವಿಷಯದಲ್ಲಿ ಆ ಸದಸ್ಯರಿಗೆ ನಿರಾಸೆಯೇ ಆಗುತ್ತದೆ. ಮನೆ, ಅಂಗಡಿಗಳಲ್ಲಿ ಹಾಕುವ ಸಾಮಾನ್ಯ ರೂಟರ್‌ಗಳಲ್ಲಿ ಈಗ ಯಾವ ಸಾಧನಗಳು ಸಂಪರ್ಕದಲ್ಲಿವೆ ಎಂಬ ಪಟ್ಟಿ ಸಿಗುತ್ತದೆ. ಯಾರು ಯಾವ ಪುಟ ನೋಡಿದರು ಎಂಬ ದಾಖಲೆ ಬಹುಪಾಲು ಇರುವುದೇ ಇಲ್ಲ. ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಪದ್ಧತಿ) ಇರುವ ತಾಣಗಳಲ್ಲಿ ಹೊರಗಿನ ಜಾಲಕ್ಕೆ ಕಾಣುವುದು ತಾಣದ ಹೆಸರು ಮಾತ್ರ, ಅದರೊಳಗಿನ ಪುಟ ಕಾಣುವುದಿಲ್ಲ. ಸಾಲದ್ದಕ್ಕೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಮೊಬೈಲ್‌ಗಳು ವೈಫೈಗೆ ತಮ್ಮ ನಿಜವಾದ ಯಂತ್ರ ವಿಳಾಸದ ಬದಲು ಬೇರೊಂದು ವಿಳಾಸವನ್ನು ತೋರಿಸುತ್ತವೆ, ಹಾಗಾಗಿ ಪಟ್ಟಿಯಲ್ಲಿರುವ ಸಾಧನ ಯಾರದೆಂದು ಹೇಳುವುದೂ ಕಷ್ಟ. ಓದುಗರ ಸ್ವಂತ ಮೊಬೈಲ್‌ಗಳನ್ನು ಕೈಗೆ ತೆಗೆದುಕೊಂಡು ನೋಡುವ ಯೋಚನೆಯಂತೂ ಬೇಡವೇ ಬೇಡ.


ಕಡತಶೋಧ

ಡಿಜಿಟಲ್ ದಾಖಲೆಗಳ ಪರಿಶೀಲನೆ ನನ್ನ ವೃತ್ತಿ. ಮಧ್ಯಾಹ್ನದ ಆ ಮೂರು ಸಾಲುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಒಬ್ಬ ಹುಡುಗನ ಹೆಸರು ಆಗಲೇ ಊರಿನ ಬಾಯಿಗೆ ಬಿದ್ದಿದೆ.

ಹಿಸ್ಟರಿ ಪುಟದಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ ಇರುತ್ತದೆ, ಆದ್ದರಿಂದ ಆ ಮೂರನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಹಾಗೆ ಓದಿದರೆ ಕ್ರಿಕೆಟ್ ಪುಟ ಮೊದಲು, ಗೋಜಲು ವಿಳಾಸ ಆಮೇಲೆ, ಅಶ್ಲೀಲ ತಾಣ ಕೊನೆಗೆ ಬರುತ್ತದೆ. ಪಂದ್ಯಗಳನ್ನು ಕಳ್ಳದಾರಿಯಲ್ಲಿ ತೋರಿಸುವ ತಾಣಗಳನ್ನು ಕಂಡವರಿಗೆ ಈ ಸರಣಿ ಚೆನ್ನಾಗಿ ಗೊತ್ತು. ವಿಡಿಯೊ ಆಡಿಸಲೆಂದು ಪರದೆಯ ಮೇಲೆ ಒಮ್ಮೆ ಒತ್ತಿದರೆ ಹೊಸ ಟ್ಯಾಬ್ ತೆರೆದುಕೊಳ್ಳುತ್ತದೆ, ಜಾಹೀರಾತು ಜಾಲದ ವಿಳಾಸವೊಂದು ಕ್ಷಣಮಾತ್ರ ಬಂದು ಇನ್ನೆಲ್ಲಿಗೋ ತಳ್ಳುತ್ತದೆ. ಹುಡುಗ ಗಾಬರಿಯಾಗಿ ಅದನ್ನು ಮುಚ್ಚಿದರೂ ಸಾಲು ಉಳಿಯುತ್ತದೆ. ಆ ತಾಣದ ನಂತರ ಅದೇ ತಾಣದ ಬೇರೆ ಪುಟಗಳಿವೆಯೇ, ಅಥವಾ ಮರಳಿ ಕ್ರಿಕೆಟ್ ಪುಟವೇ ಬಂದಿದೆಯೇ ಎಂಬುದನ್ನು ನೋಡಿರಿ. ಒಂದೇ ಸಾಲು ಇದ್ದು ಮುಂದೆ ಏನೂ ಇಲ್ಲದಿದ್ದರೆ ಅದನ್ನು ನೋಡಿದ್ದು ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಸುಳಿವು ಪುಟದ ಹಿಂದಿರುವ ಕಡತದಲ್ಲಿ ಇದೆ. ಕ್ರೋಮ್ ತನ್ನ ದಾಖಲೆಯನ್ನು ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರ್‌ನೊಳಗೆ ಹಿಸ್ಟರಿ ಎಂಬ ಹೆಸರಿನ ಕಡತದಲ್ಲಿ ಇಡುತ್ತದೆ. ಅದು ಎಸ್‌ಕ್ಯೂಲೈಟ್ ದತ್ತಸಂಚಯ. ಬ್ರೌಸರ್ ತೆರೆದಿರುವಾಗ ಅದಕ್ಕೆ ಬೀಗ ಬಿದ್ದಿರುತ್ತದೆ, ಆದ್ದರಿಂದ ಬ್ರೌಸರ್ ಮುಚ್ಚಿ ಕಡತದ ಪ್ರತಿ ಮಾಡಿಕೊಂಡು ಪ್ರತಿಯನ್ನು ಮಾತ್ರ ತೆರೆಯಬೇಕು. ಅದರಲ್ಲಿ ಪ್ರತಿಯೊಂದು ಭೇಟಿಗೂ ಅದು ಹೇಗಾಯಿತು ಎಂಬ ಸಂಕೇತ ಇರುತ್ತದೆ: ಕೊಂಡಿಯ ಮೂಲಕ ಬಂದದ್ದಕ್ಕೆ 0, ವಿಳಾಸವನ್ನು ಕೈಯಾರೆ ಬೆರಳಚ್ಚಿಸಿದ್ದಕ್ಕೆ 1, ಅರ್ಜಿ ಸಲ್ಲಿಸಿದ್ದಕ್ಕೆ 7, ಪುಟವನ್ನು ಮತ್ತೆ ಲೋಡ್ ಮಾಡಿದ್ದಕ್ಕೆ 8. ಈ ಸಂಕೇತ ಒಂದು ದೊಡ್ಡ ಸಂಖ್ಯೆಯ ಕೊನೆಯ ಎಂಟು ಬಿಟ್‌ಗಳಲ್ಲಿ (ದ್ವಿಮಾನ ಅಂಕಿಗಳಲ್ಲಿ) ಅಡಗಿರುತ್ತದೆ, ಮೇಲ್ನೋಟಕ್ಕೆ ಕಾಣುವ ಸಂಖ್ಯೆಯನ್ನೇ ಓದಿ ಗೊಂದಲ ಮಾಡಿಕೊಳ್ಳಬಾರದು. ಯಾವ ಪುಟದಿಂದ ಬಂದದ್ದು ಎಂಬುದೂ ಇರುತ್ತದೆ. ಬೇರೆ ಸಾಧನದಿಂದ ಸಿಂಕ್ ಆಗಿ ಬಂದ ಭೇಟಿಗೆ ಮೂಲ ಸಾಧನದ ಗುರುತು ಅಂಟಿಕೊಂಡಿರುತ್ತದೆ, ಹಾಗಾಗಿ ತುಂಗಾತೀರ ಅವರ ಊಹೆಯನ್ನು ಇಲ್ಲಿ ತಾಳೆ ನೋಡಬಹುದು.

ಹೊತ್ತಿನ ಲೆಕ್ಕದಲ್ಲಿ ಎಡವುವವರು ಬಹಳ. ಕ್ರೋಮ್‌ನ ಕಡತ 1601ರ ಜನವರಿ 1ರಿಂದ ಮೈಕ್ರೊಸೆಕೆಂಡುಗಳನ್ನು ಎಣಿಸುತ್ತದೆ, ಫೈರ್‌ಫಾಕ್ಸ್‌ನದು 1970ರಿಂದ ಮೈಕ್ರೊಸೆಕೆಂಡುಗಳನ್ನು, ಸಫಾರಿಯದು 2001ರಿಂದ ಸೆಕೆಂಡುಗಳನ್ನು. ಮೂರೂ ಅಂತರರಾಷ್ಟ್ರೀಯ ಪ್ರಮಾಣಕಾಲದಲ್ಲಿ ಇರುತ್ತವೆ, ನಮ್ಮ ಹೊತ್ತಿಗೆ ಐದೂವರೆ ಗಂಟೆ ಕೂಡಿಸಬೇಕು. ಕೂಡಿಸದೆ ಬಿಟ್ಟರೆ ಮಧ್ಯಾಹ್ನ 2 ಗಂಟೆ 47 ನಿಮಿಷದ ಭೇಟಿ ಬೆಳಗ್ಗೆ 9 ಗಂಟೆ 17 ನಿಮಿಷಕ್ಕೆ ಹೋಗಿ, ಆ ಹೊತ್ತಿನಲ್ಲಿ ಪುಸ್ತಕಕ್ಕೆ ಸಹಿ ಹಾಕಿದ ಬೇರೊಬ್ಬನ ತಲೆಗೆ ಕಟ್ಟಿಕೊಳ್ಳುತ್ತದೆ. ಕಂಪ್ಯೂಟರ್‌ನ ಗಡಿಯಾರ ಸರಿಯಾಗಿದೆಯೇ ಎಂದು ಕೂಡ ನೋಡಿಕೊಳ್ಳಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತು ಹೊತ್ತು ಹಿಂದೆ ಬೀಳುವುದು ಸಾಮಾನ್ಯ.

ಪರಿಣತರೇ ಇಂಥ ಕಡತವನ್ನು ತಪ್ಪಾಗಿ ಓದಿದ ಪ್ರಕರಣ 2011ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆಯಿತು. ಮಗಳನ್ನು ಕೊಂದ ಆರೋಪ ಹೊತ್ತ ಕೇಸಿ ಆಂಥನಿಯ ವಿಚಾರಣೆಯಲ್ಲಿ, ಮನೆಯ ಕಂಪ್ಯೂಟರ್‌ನಿಂದ ಕ್ಲೋರೋಫಾರ್ಮ್ ಕುರಿತ ಪುಟವನ್ನು 84 ಬಾರಿ ನೋಡಲಾಗಿದೆ ಎಂದು ಪ್ರಾಸಿಕ್ಯೂಷನ್ ವಾದಿಸಿತು. ಆಗಿನ ಫೈರ್‌ಫಾಕ್ಸ್ ತನ್ನ ಹಿಸ್ಟರಿಯನ್ನು ಮೋರ್ಕ್ ಎಂಬ ತೊಡಕಿನ ನಮೂನೆಯಲ್ಲಿ ಇಡುತ್ತಿತ್ತು. ಅದನ್ನು ಓದಲು ಬಳಸಿದ ತಂತ್ರಾಂಶವನ್ನು ಬರೆದವರೇ ಮತ್ತೆ ಪರಿಶೀಲಿಸಿದಾಗ ಆ ಪುಟಕ್ಕೆ ಹೋಗಿದ್ದು ಒಮ್ಮೆ ಮಾತ್ರ, 84 ಎಂಬ ಸಂಖ್ಯೆ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣಕ್ಕೆ ಸೇರಿದ್ದು ಎಂದು ತಿಳಿಯಿತು. ಆಕೆ ಕೊಲೆಯ ಆರೋಪದಿಂದ ಖುಲಾಸೆಯಾದರು. ಮರುವರ್ಷ ಇನ್ನೊಂದು ಸಂಗತಿ ಹೊರಬಿತ್ತು: ಮಗು ಕೊನೆಯ ಬಾರಿ ಕಂಡ ದಿನದ ಇಂಟರ್ನೆಟ್ ಎಕ್ಸ್‌ಪ್ಲೋರರ್ ದಾಖಲೆಯನ್ನಷ್ಟೇ ತನಿಖಾಧಿಕಾರಿಗಳು ನೋಡಿದ್ದರು, ಅದೇ ದಿನದ ಫೈರ್‌ಫಾಕ್ಸ್ ದಾಖಲೆಯನ್ನು ಬಿಟ್ಟೇಬಿಟ್ಟಿದ್ದರು. ಅದರಲ್ಲಿ ಉಸಿರುಗಟ್ಟಿಸುವ ಬಗೆಯ ಕುರಿತ ಹುಡುಕಾಟವಿತ್ತು. ಇಲ್ಲದ್ದನ್ನು ಇದೆ ಎಂದೂ, ಇದ್ದದ್ದನ್ನು ನೋಡದೆಯೂ ಒಂದೇ ಪ್ರಕರಣದಲ್ಲಿ ಎರಡೂ ಬಗೆಯಲ್ಲಿ ದಾರಿ ತಪ್ಪಿದ್ದರು.


ಕರಿಕೋಟು

ಕಾನೂನಿನ ಕಡೆಯಿಂದ ಕೆಲವು ಮಾತು. 2011ರ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳ ಪ್ರಕಾರ ಕೆಫೆಯ ಮಾಲೀಕರು ಬಳಕೆದಾರರ ಗುರುತಿನ ದಾಖಲೆಯನ್ನೂ, ನೋಡಿದ ತಾಣಗಳ ಹಿಸ್ಟರಿಯನ್ನೂ ಕನಿಷ್ಠ ಒಂದು ವರ್ಷ ಕಾಪಾಡಬೇಕು. ಪಾರ್ಟಿಷನ್‌ನ ಎತ್ತರ ನಾಲ್ಕೂವರೆ ಅಡಿ ಮೀರಬಾರದು, ಪಾರ್ಟಿಷನ್ ಇಲ್ಲದ ಕಡೆ ಪರದೆಗಳು ಎಲ್ಲರಿಗೂ ಕಾಣುವ ಜಾಗದತ್ತ ತಿರುಗಿರಬೇಕು ಎಂಬುದೂ ಅದರಲ್ಲೇ ಇದೆ. ಮೇಲೆ ಹೇಳಿದ 90 ದಿನಗಳ ಮಿತಿಯನ್ನು ಗಮನಿಸಿದರೆ ಬರೀ ಕ್ರೋಮ್ ನೆಚ್ಚಿಕೊಂಡ ಕೆಫೆ ಈ ನಿಯಮವನ್ನು ಪಾಲಿಸಲಾರದು ಎಂಬುದು ಸ್ಪಷ್ಟ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಸೈಬರ್ ಕೆಫೆ ಎಂದು ಕರೆಯುವುದು ವ್ಯವಹಾರದ ಭಾಗವಾಗಿ ಸಾರ್ವಜನಿಕರಿಗೆ ಅಂತರ್ಜಾಲ ಒದಗಿಸುವ ಸ್ಥಳವನ್ನು. ಹಣ ಪಡೆಯದ ಪಂಚಾಯಿತಿ ಗ್ರಂಥಾಲಯ ಅದರೊಳಗೆ ಬರುವುದಿಲ್ಲ ಎಂಬುದು ನನ್ನ ಓದು. ಬೇರೆ ಓದೂ ಸಾಧ್ಯವಿರುವುದರಿಂದ ಇಲಾಖೆಯಿಂದ ಲಿಖಿತ ಸೂಚನೆ ಕೇಳಿ ಪಡೆಯುವುದು ಕ್ಷೇಮ.

ಮುದ್ರಿಸಿ ಸಭೆಯಲ್ಲಿ ಹಂಚುವುದನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿಯನ್ನು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಪಂಚಾಯಿತಿ ಸರ್ಕಾರದ ಅಂಗವಾದ್ದರಿಂದ ಆ ಹಕ್ಕಿನ ಪ್ರಶ್ನೆ ನೇರವಾಗಿಯೇ ಬರುತ್ತದೆ. ನಾಲ್ಕು ಯಂತ್ರಗಳ ಮೂರು ತಿಂಗಳ ಪಟ್ಟಿಯಲ್ಲಿ ಒಬ್ಬ ಹೆಂಗಸು ಹುಡುಕಿದ ಕಾಯಿಲೆಯ ಹೆಸರು, ಇನ್ನೊಬ್ಬರು ನೋಡಿದ ಸಾಲದ ಅರ್ಜಿ, ವಿಚ್ಛೇದನದ ಕಾನೂನು, ಕೆಲಸ ಬಿಡುವ ಪತ್ರದ ಮಾದರಿ ಎಲ್ಲವೂ ಇರುತ್ತವೆ. ಸಣ್ಣ ಊರಿನಲ್ಲಿ ದಿನಾಂಕ ಮತ್ತು ಹೊತ್ತು ಇದ್ದರೆ ಸಾಕು, ಹೆಸರು ಬರೆಯಬೇಕಾಗಿಲ್ಲ.

ಇದು ಪೊಲೀಸ್ ದೂರಿನ ಮಟ್ಟಕ್ಕೆ ಹೋಗುವುದಾದರೆ ಮುದ್ರಿತ ಹಾಳೆಗೆ ಅದರಷ್ಟಕ್ಕೆ ಬೆಲೆ ಕಡಿಮೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು (ಕಡತ ಒಂದಿಷ್ಟು ಬದಲಾದರೂ ಬದಲಾಗುವ ಗುರುತು ಸಂಖ್ಯೆ) ನಮೂದಿಸಬೇಕು, ಒಂದು ಭಾಗಕ್ಕೆ ಪರಿಣತರ ಸಹಿ ಇರಬೇಕು. ಮಕ್ಕಳನ್ನು ಒಳಗೊಂಡ ಅಶ್ಲೀಲ ವಸ್ತುವಿನ ಸುಳಿವು ಏನಾದರೂ ಕಂಡರೆ ಮಾತ್ರ ವಿಷಯ ಬೇರೆಯಾಗುತ್ತದೆ. ಐಟಿ ಕಾಯ್ದೆಯ 67ಬಿ ಕಲಮು ಅಂಥದ್ದನ್ನು ಹುಡುಕುವುದನ್ನೂ ನೋಡುವುದನ್ನೂ ಇಳಿಸಿಕೊಳ್ಳುವುದನ್ನೂ ಅಪರಾಧವೆನ್ನುತ್ತದೆ. ಆಗ ನೀವಾಗಿ ಏನನ್ನೂ ತೆರೆಯಬಾರದು, ಪ್ರತಿ ಮಾಡಬಾರದು. ಯಂತ್ರವನ್ನು ಬಳಕೆಯಿಂದ ತೆಗೆದಿಟ್ಟು ಪಿಡಿಒ ಅವರ ಮೂಲಕ ಪೊಲೀಸರಿಗೆ ಬರೆದು ತಿಳಿಸಬೇಕು.


ಬೇಲಿಯಾಚೆ

ಗ್ರಂಥಾಲಯ ಹಿಸ್ಟರಿಯನ್ನು ಇಟ್ಟುಕೊಳ್ಳಲೇಬಾರದು ಎಂಬುದು ನನ್ನ ನಿಲುವು. ಯಾರು ಯಾವ ಪುಸ್ತಕ ಓದಿದರು ಎಂದು ಊರ ಸಭೆಯಲ್ಲಿ ಓದಿ ಹೇಳುವುದಿಲ್ಲವಾದರೆ ಯಾರು ಯಾವ ಪುಟ ಓದಿದರು ಎಂಬುದನ್ನೂ ಹೇಳಬಾರದು. 2005ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಗ್ರಂಥಾಲಯದ ಕಂಪ್ಯೂಟರ್ ಬಳಕೆಯ ಮಾಹಿತಿಯನ್ನು ಎಫ್‌ಬಿಐ ನ್ಯಾಯಾಧೀಶರ ಆದೇಶವಿಲ್ಲದ ಪತ್ರವೊಂದರ ಮೂಲಕ ಕೇಳಿತು, ಈ ವಿಷಯವನ್ನು ಯಾರಿಗೂ ಹೇಳಬಾರದೆಂದು ಬಾಯಿಯನ್ನೂ ಕಟ್ಟಿತು. ನಾಲ್ವರು ಗ್ರಂಥಪಾಲಕರು ಮಾಹಿತಿ ಕೊಡದೆ ನ್ಯಾಯಾಲಯಕ್ಕೆ ಹೋದರು. ಮರುವರ್ಷ ಸರ್ಕಾರವೇ ಹಿಂದೆ ಸರಿಯಿತು. ಆ ದಿನಗಳಲ್ಲಿ ಅಲ್ಲಿನ ಎಷ್ಟೋ ಗ್ರಂಥಾಲಯಗಳು ಅಗತ್ಯ ಮುಗಿದ ದಾಖಲೆಗಳನ್ನು ಅಂದಂದೇ ಅಳಿಸುವ ಪದ್ಧತಿಗೆ ಬಂದವು. ಕ್ರೋಮ್‌ನಲ್ಲಿ ಅತಿಥಿ ಕಿಟಕಿ ಎಂಬ ಸೌಲಭ್ಯವಿದೆ. ಅದನ್ನು ಮುಚ್ಚಿದ ಕೂಡಲೇ ಹಿಸ್ಟರಿ, ಕುಕಿ, ಲಾಗಿನ್ ಎಲ್ಲವೂ ಹೋಗುತ್ತವೆ. ಓದುಗರೆಲ್ಲರಿಗೂ ಅದನ್ನೇ ಕೊಟ್ಟರೆ ಸಿಂಕ್ ತೊಂದರೆಯೂ ಇರುವುದಿಲ್ಲ, ಒಬ್ಬರ ಇಮೇಲ್ ಇನ್ನೊಬ್ಬರಿಗೆ ತೆರೆದುಕೊಳ್ಳುವ ಅಪಾಯವೂ ಇರುವುದಿಲ್ಲ.


ಕೀಲಿಮಣೆ

ಬೇಲಿಯಾಚೆ ಅವರ ಮಾತಿನ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಅತಿಥಿ ಕಿಟಕಿಯನ್ನಾಗಲಿ ಅಜ್ಞಾತ ಟ್ಯಾಬನ್ನಾಗಲಿ ಮರೆಯಾಗುವ ಉಪಾಯವೆಂದು ಯಾರೂ ತಿಳಿಯಬಾರದು. ನಮ್ಮ ಅಂಗಳ ಗುಡಿಸಿದರೆ ಬೀದಿಯಲ್ಲಿ ಮೂಡಿದ ಹೆಜ್ಜೆ ಅಳಿಯುವುದಿಲ್ಲ. ಸಂಪರ್ಕ ಕೊಟ್ಟ ಕಂಪನಿಗೆ ತಾಣದ ಹೆಸರು ಕಾಣುತ್ತದೆ. ಅಂಥ ಸಂಪರ್ಕ ದಾಖಲೆಗಳನ್ನು ಎರಡು ವರ್ಷ ಇಟ್ಟುಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತನ್ನು ಬದಲಿಸಿತು. ಆ ದಾಖಲೆ ಕೇಳುವ ಅಧಿಕಾರ ತನಿಖಾ ಸಂಸ್ಥೆಗಳಿಗೆ ಇದೆಯೇ ಹೊರತು ಗ್ರಂಥಾಲಯದ ಸಮಿತಿಗಲ್ಲ.

ಇನ್ನು ತಡೆಯುವುದು ಉದ್ದೇಶವಾದರೆ ನೋಡಿದ್ದನ್ನು ಹುಡುಕುವುದಕ್ಕಿಂತ ನೋಡದಂತೆ ಮಾಡುವುದು ಸುಲಭ. ರೂಟರ್‌ನ ಡಿಎನ್‌ಎಸ್ ಜಾಗದಲ್ಲಿ 1.1.1.3 ಎಂದು ಕೊಟ್ಟರೆ ಕ್ಲೌಡ್‌ಫ್ಲೇರ್ ಕಂಪನಿಯ ಕುಟುಂಬ ಸೋಸುಕ (ಫಿಲ್ಟರ್) ಅಶ್ಲೀಲ ಮತ್ತು ಹಾನಿಕರ ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವುದಿಲ್ಲ, ಹಾಗಾಗಿ ಅವು ತೆರೆಯುವುದಿಲ್ಲ. 2020ರಿಂದ ಅದು ಉಚಿತವಾಗಿಯೇ ಸಿಗುತ್ತಿದೆ. ಬ್ರೌಸರ್‌ನ ಸುರಕ್ಷಿತ ಡಿಎನ್‌ಎಸ್ ಆಯ್ಕೆಯಲ್ಲಿ ಬೇರೊಂದು ಸೇವೆ ಇದ್ದರೆ ಇದು ತಪ್ಪಿಹೋಗುತ್ತದೆ, ಅದನ್ನೂ ಸರಿಪಡಿಸಿಕೊಳ್ಳಬೇಕು. ನೂರಕ್ಕೆ ನೂರು ತಡೆಯುತ್ತದೆ ಎನ್ನಲಾರೆ, ಆದರೆ ಕ್ರಿಕೆಟ್ ಪುಟದಿಂದ ಎಲ್ಲಿಗೋ ತಳ್ಳುವಂಥ ಘಟನೆಗಳು ಬಹಳ ಕಡಿಮೆಯಾಗುತ್ತವೆ.


ಓದುಮನೆ

ಎಲ್ಲರಿಗೂ ಧನ್ಯವಾದಗಳು. ಹುಡುಗಿಯ ಸ್ವೀಕೃತಿಪತ್ರ ಡೌನ್‌ಲೋಡ್ ಪಟ್ಟಿಯಲ್ಲೇ ಸಿಕ್ಕಿತು, ಅದರಲ್ಲಿ ಅರ್ಜಿ ಸಂಖ್ಯೆ ಇತ್ತು. ಅವಳಿಗೆ ಮುದ್ರಿಸಿ ಕೊಟ್ಟು, ಅವಳೆದುರೇ ಕಡತವನ್ನು ಅಳಿಸಿದ್ದೇನೆ. ಎರಡನೆಯ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ತುಂಗಾತೀರ ಅವರು ಹೇಳಿದಂತೆಯೇ ಓದುಗರೊಬ್ಬರ ಖಾತೆ ತೆರೆದೇ ಇತ್ತು. ಅವರು ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಹಿರಿಯರು. ರಾತ್ರಿಯ ನಮೂದುಗಳೆಲ್ಲ ಪಂಚಾಂಗ, ಅಡಿಕೆ ಧಾರಣೆ ಮತ್ತು ಮಂಡಿನೋವಿನ ಔಷಧದ ಪುಟಗಳು. ಅವರನ್ನು ಕರೆಸಿ ಸೈನ್ ಔಟ್ ಮಾಡಿಸಿದೆ. ತಮ್ಮ ಮೊಬೈಲ್‌ನಲ್ಲಿ ನೋಡಿದ್ದು ಇಲ್ಲಿ ಕಾಣುತ್ತಿತ್ತೆಂದು ತಿಳಿದು ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನದ ಮೂರು ಸಾಲುಗಳನ್ನು ಕೆಳಗಿನಿಂದ ಓದಿದೆ. ಅಶ್ಲೀಲ ತಾಣದ ನಂತರ ಮುಂದಿನ ನಿಮಿಷದಲ್ಲೇ ಕ್ರಿಕೆಟ್ ಪುಟ ಮತ್ತೆ ಬಂದಿದೆ, ಬೇರೆ ದಿನಗಳಲ್ಲಿ ಕಂಡ ಅಂಥ ವಿಳಾಸಗಳೂ ಹೀಗೆಯೇ ಒಂಟಿಯಾಗಿವೆ. ಸಭೆಗೆ ಪಟ್ಟಿ ಕೊಡಲಿಲ್ಲ. ಪಂದ್ಯ ತೋರಿಸುವ ಅನಧಿಕೃತ ತಾಣಗಳಿಂದ ಇಂಥವು ತೆರೆದುಕೊಳ್ಳುತ್ತಿವೆ, ಸೋಸುಕ ಹಾಕಲಾಗುವುದು, ಪರದೆಗಳನ್ನು ಬಾಗಿಲಿನ ಕಡೆಗೆ ತಿರುಗಿಸಲಾಗುವುದು ಎಂದು ಅರ್ಧ ಹಾಳೆಯ ಟಿಪ್ಪಣಿ ಕೊಟ್ಟೆ. ಪಟ್ಟು ಹಿಡಿದಿದ್ದ ಸದಸ್ಯರಿಗೆ ಸಮಾಧಾನವಾಗಿಲ್ಲ, ಆದರೆ ಲಿಖಿತವಾಗಿ ಕೇಳಿರಿ ಎಂದಾಗ ಅವರು ಮುಂದುವರಿಸಲಿಲ್ಲ.

ಒಂದು ಅನುಮಾನ ಉಳಿದಿದೆ. ಅತಿಥಿ ಕಿಟಕಿಯನ್ನೇ ಎಲ್ಲರಿಗೂ ಕೊಟ್ಟರೆ ಮುಂದೆ ಇಂಥ ಹುಡುಗಿ ಬಂದಾಗ ಡೌನ್‌ಲೋಡ್ ಪಟ್ಟಿಯೂ ಇರುವುದಿಲ್ಲವಲ್ಲ?


ಕಡತಶೋಧ

ಅತಿಥಿ ಕಿಟಕಿಯ ಡೌನ್‌ಲೋಡ್ ಪಟ್ಟಿ ಹೋಗುತ್ತದೆ, ಇಳಿಸಿದ ಕಡತ ಹೋಗುವುದಿಲ್ಲ. ಅದು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಇರುತ್ತದೆ. ದಿನಾಂಕದ ಕ್ರಮದಲ್ಲಿ ಜೋಡಿಸಿ ಹುಡುಕಬಹುದು. ಆದರೆ ಅದೇ ಕಾರಣಕ್ಕೆ ಆ ಫೋಲ್ಡರ್ ಹಿಸ್ಟರಿಗಿಂತ ಹೆಚ್ಚು ಬಯಲಾಗಿರುತ್ತದೆ, ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲವೂ ಅಲ್ಲಿ ಬಿದ್ದಿರುತ್ತವೆ. ವಾರಕ್ಕೊಮ್ಮೆ, ಉದಾಹರಣೆಗೆ ಶನಿವಾರ ಸಂಜೆ, ಅದನ್ನು ಖಾಲಿ ಮಾಡಲಾಗುವುದು ಎಂದು ಕಂಪ್ಯೂಟರ್ ಪಕ್ಕದಲ್ಲಿ ಬರೆದು ಅಂಟಿಸಿ, ಹಾಗೆಯೇ ಮಾಡಿರಿ. ರೀಸೈಕಲ್ ಬಿನ್ ಖಾಲಿ ಮಾಡುವುದನ್ನು ಮಾತ್ರ ಮರೆಯಬೇಡಿ.